ಗಾಲಿಯಿಲ್ಲದ ಬಂಡಿ

ಎರಡು ಅಯಸ್ಕಾಂತಗಳನ್ನು ಕೈಯಲ್ಲಿ ಹಿಡಿದು ಆಡಿದ ಬಾಲಕನಿಗೆ ಒಂದು ಸಂಗತಿ ಬೇಗನೆ ತಿಳಿದುಬರುತ್ತದೆ. ವಿಜಾತೀಯ ಧ್ರುವಗಳು ಎದುರಾದರೆ ಅವು ಥಟ್ಟನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಜಾತೀಯ ಧ್ರುವಗಳು ಎದುರಾದರೆ ಒಂದನ್ನೊಂದು ದೂರ ತಳ್ಳುತ್ತವೆ. ಹಾಗೆ ತಳ್ಳುವ ಬಲವನ್ನು ಬೆರಳಿನಲ್ಲಿ ಅನುಭವಿಸಿದೊಡನೆ ಮೇಲಿನ ತುಂಡನ್ನು ಗಾಳಿಯಲ್ಲಿ ತೇಲಿಸಿ ನಿಲ್ಲಿಸಬೇಕೆಂಬ ಆಸೆ ಅವನಲ್ಲಿ ಮೂಡದೆ ಇರದು. ಆದರೆ ಎಷ್ಟು ಸಲ ಪ್ರಯತ್ನಿಸಿದರೂ ಆ ತುಂಡು ಪಕ್ಕಕ್ಕೆ ಜಾರಿ, ಮಗುಚಿ, ಕೆಳಗಿನದಕ್ಕೆ ಅಂಟಿಕೊಂಡುಬಿಡುತ್ತದೆ. ಈ ಸೋಲಿಗೆ ಬಾಲಕನ ಕೈ ಕಾರಣವಲ್ಲ. ಸ್ಥಿರವಾದ ಅಯಸ್ಕಾಂತಗಳ ಬಲವೊಂದರಿಂದಲೇ ವಸ್ತುವೊಂದನ್ನು ಗಾಳಿಯಲ್ಲಿ ಅಲುಗದಂತೆ ನಿಲ್ಲಿಸುವುದು ಅಸಾಧ್ಯವೆಂಬುದನ್ನು ಸ್ಯಾಮ್ಯುಯೆಲ್ ಅರ್ನ್‌ಷಾ ಎಂಬ ಆಂಗ್ಲ ಗಣಿತಜ್ಞನು 1842ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದನು. ಗಣಿತವು ಅಸಾಧ್ಯವೆಂದು ಸಾರಿದ ಈ ಕೆಲಸವನ್ನು ಯಂತ್ರಶಿಲ್ಪಿಗಳು ಬೇರೊಂದು ದಾರಿಯಿಂದ ಸಾಧಿಸಿದರು. ಇಂದು ಹಲವಾರು ಟನ್ ತೂಕದ ರೈಲುಬಂಡಿಯು ನೂರಾರು ಜನರನ್ನು ಹೊತ್ತು, ನೆಲವನ್ನು ಮುಟ್ಟದೆ, ಗಾಳಿಯಲ್ಲಿ ತೇಲಿಕೊಂಡು ಓಡಬಲ್ಲದು. ಇದಕ್ಕೆ ಮ್ಯಾಗ್ಲೆವ್ ರೈಲು ಎಂದು ಹೆಸರು. ಈ ಬಂಡಿಯ ಸಾಧನೆಯನ್ನು ಕಂಡು ಬೆರಗಾಗುವವರು ಬಹಳ. ಅದರ ಲೆಕ್ಕಪತ್ರವನ್ನು ತೆರೆದು ನೋಡುವವರು ವಿರಳ. ಒಂದು ಯಂತ್ರವನ್ನು ಸರಿಯಾಗಿ ಅರಿಯಬೇಕಾದರೆ ಇವೆರಡೂ ಅವಶ್ಯಕ.

ಗಾಲಿಯು ಮಾನವನ ಪುರಾತನ ಮಿತ್ರ. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್ ಎಂಬಲ್ಲಿ ಜಾರ್ಜ್ ಸ್ಟೀಫನ್‌ಸನ್ ಮತ್ತು ಅವನ ಮಗ ರಾಬರ್ಟ್ ನಿರ್ಮಿಸಿದ ‘ರಾಕೆಟ್’ ಎಂಬ ಉಗಿಬಂಡಿ ಸ್ಪರ್ಧೆಯಲ್ಲಿ ಗೆದ್ದಂದಿನಿಂದ ಉಕ್ಕಿನ ಹಳಿಯ ಮೇಲೆ ಗಾಲಿಯ ಸಾಮ್ರಾಜ್ಯ ವಿಸ್ತರಿಸುತ್ತಲೇ ಬಂದಿದೆ. ಆದರೆ ಎಷ್ಟೇ ನಿಷ್ಠಾವಂತನಾದರೂ ಮಿತ್ರನಿಗೆ ಕೆಲವು ದೌರ್ಬಲ್ಯಗಳಿರುತ್ತವೆ. ಗಾಲಿ ಹಳಿಯನ್ನು ಹಿಡಿದುಕೊಂಡರೆ ಮಾತ್ರ ಬಂಡಿ ಮುಂದೆ ಸಾಗುತ್ತದೆ. ಕಡಿದಾದ ಏರು ಎದುರಾದರೆ, ಇಲ್ಲವೇ ಹಳಿ ಮಳೆಯಲ್ಲಿ ನೆನೆದಿದ್ದರೆ, ಆ ಹಿಡಿತ ಸಡಿಲವಾಗುತ್ತದೆ. ವೇಗ ಹೆಚ್ಚಿದಂತೆ ಗಾಲಿಯೂ ಸವೆಯುತ್ತದೆ, ಹಳಿಯೂ ಸವೆಯುತ್ತದೆ. ತಂತಿಯಿಂದ ವಿದ್ಯುತ್ತನ್ನು ಪಡೆಯುವ ತೋಳು ಕೂಡ ಉಜ್ಜಿ ಉಜ್ಜಿ ಕ್ಷೀಣಿಸುತ್ತದೆ. ಈ ಮುಟ್ಟುವಿಕೆಯನ್ನೇ ತೊಡೆದುಹಾಕಿದರೆ ಹೇಗೆ ಎಂಬ ಪ್ರಶ್ನೆಯಿಂದ ತೇಲುವ ಬಂಡಿಯ ಕಲ್ಪನೆ ಜನ್ಮತಾಳಿತು.

ಜರ್ಮನಿಯ ಹರ್ಮನ್ ಕೆಂಪರ್ ಎಂಬ ಯಂತ್ರಶಿಲ್ಪಿ ಈ ಕಲ್ಪನೆಗೆ 1934ರಲ್ಲಿ ಪೇಟೆಂಟ್ ಪಡೆದನು. ಅವನು ಆರಿಸಿಕೊಂಡದ್ದು ಆಕರ್ಷಣೆಯ ಮಾರ್ಗ. ಬಂಡಿಯ ಎರಡೂ ಬದಿಗಳು ಮಾರ್ಗದ ತೊಲೆಯನ್ನು ತಬ್ಬಿಕೊಂಡಂತೆ ಕೆಳಕ್ಕೆ ಇಳಿದು ಒಳಕ್ಕೆ ಬಾಗಿರುತ್ತವೆ. ಆ ಬಾಗಿದ ಭಾಗದಲ್ಲಿರುವ ವಿದ್ಯುತ್ಕಾಂತಗಳು ಮೇಲಿರುವ ಉಕ್ಕಿನ ಹಳಿಯತ್ತ ಸೆಳೆಯಲ್ಪಟ್ಟು ಇಡೀ ಬಂಡಿಯನ್ನು ಎತ್ತಿಹಿಡಿಯುತ್ತವೆ. ಕಾಂತ ಮತ್ತು ಹಳಿಗಳ ನಡುವಣ ಅಂತರ ಸುಮಾರು 10 ಮಿಲಿಮೀಟರು ಮಾತ್ರ. ಅಂತರ ಕಿರಿದಾದರೆ ಸೆಳೆತ ಹೆಚ್ಚಿ ಎರಡೂ ಅಂಟಿಕೊಂಡಾವು. ಹಿರಿದಾದರೆ ಬಂಡಿ ಕುಸಿದೀತು. ಆದುದರಿಂದ ಅಂತರವನ್ನು ಎಡೆಬಿಡದೆ ಅಳೆದು, ಕ್ಷಣಕ್ಷಣಕ್ಕೂ ವಿದ್ಯುತ್ ಪ್ರವಾಹವನ್ನು ಹೆಚ್ಚಿಸಿ ತಗ್ಗಿಸುವ ಸಾಧನಗಳು ಬೇಕು. ಅರ್ನ್‌ಷಾನ ಗಣಿತವು ನಿಶ್ಚಲವಾದ ಕಾಂತಕ್ಕೆ ಅನ್ವಯಿಸುವಂಥದು. ಎಚ್ಚರವಾಗಿದ್ದು ತನ್ನ ಬಲವನ್ನು ಸದಾ ತಿದ್ದಿಕೊಳ್ಳುವ ಕಾಂತವನ್ನು ಅದು ತಡೆಯಲಾರದು.

ಜಪಾನೀಯರು ವಿಕರ್ಷಣೆಯ ಮಾರ್ಗವನ್ನು ಬೆಳೆಸಿದರು. ಕೆಲವು ಲೋಹಗಳನ್ನು ಅತಿ ಶೀತಲಗೊಳಿಸಿದರೆ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆಂಬುದನ್ನು ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ 1911ರಲ್ಲಿ ಕಂಡುಹಿಡಿದಿದ್ದನು. ಇಂಥ ಅತಿವಾಹಕ ಕಾಂತಗಳಿಂದ ರೈಲನ್ನು ತೇಲಿಸಬಹುದೆಂದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಜೇಮ್ಸ್ ಪೊವೆಲ್ ಮತ್ತು ಗಾರ್ಡನ್ ಡ್ಯಾನ್ಬಿ ಎಂಬವರು 1960ರ ದಶಕದಲ್ಲಿ ಸೂಚಿಸಿದರು. ಜಪಾನಿನ ಬಂಡಿಯಲ್ಲಿ ನಿಯೋಬಿಯಂ ಮತ್ತು ಟೈಟಾನಿಯಂಗಳ ಮಿಶ್ರಲೋಹದ ಸುರುಳಿಗಳನ್ನು ದ್ರವ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪುಗೊಳಿಸುತ್ತಾರೆ. ಬಂಡಿ ಓಡುವ ಕಾಲುವೆಯಂಥ ಮಾರ್ಗದ ಎರಡೂ ಗೋಡೆಗಳಲ್ಲಿ ಇಂಗ್ಲಿಷಿನ 8ರ ಆಕಾರದ ಸುರುಳಿಗಳಿವೆ. ಬಂಡಿ ವೇಗವಾಗಿ ಹಾದುಹೋಗುವಾಗ ಈ ಸುರುಳಿಗಳಲ್ಲಿ ತಾನಾಗಿಯೇ ವಿದ್ಯುತ್ತು ಹುಟ್ಟಿ, ಅದರಿಂದ ಏಳುವ ಕಾಂತಬಲವು ಬಂಡಿಯನ್ನು ಸುಮಾರು 10 ಸೆಂಟಿಮೀಟರು ಮೇಲಕ್ಕೆತ್ತಿ ನಡುವೆಯೇ ನಿಲ್ಲಿಸುತ್ತದೆ. ಆದರೆ ನಿಂತ ಬಂಡಿಗೆ ಈ ಬಲ ಒದಗದು. ಗಂಟೆಗೆ ಸುಮಾರು 150 ಕಿಲೋಮೀಟರು ವೇಗ ಬರುವವರೆಗೆ ಅದು ರಬ್ಬರಿನ ಗಾಲಿಗಳ ಮೇಲೆಯೇ ಓಡಬೇಕು. ಗಾಲಿಯನ್ನು ತೊರೆಯಹೊರಟ ಬಂಡಿಯೂ ಮೊದಲ ಹೆಜ್ಜೆಗಳಿಗೆ ಗಾಲಿಯನ್ನೇ ಆಶ್ರಯಿಸುವುದು ಸ್ವಾರಸ್ಯಕರವಾಗಿದೆ.

ಇನ್ನು ಬಂಡಿಯನ್ನು ಮುಂದಕ್ಕೆ ಓಡಿಸುವ ಬಗೆ. ಸಾಮಾನ್ಯ ವಿದ್ಯುನ್ಮೋಟಾರಿನಲ್ಲಿ ಹೊರಗಿನ ಸುರುಳಿಗಳು ವೃತ್ತಾಕಾರವಾಗಿದ್ದು ಒಳಗಿನ ಭಾಗವನ್ನು ತಿರುಗಿಸುತ್ತವೆ. ಆ ವೃತ್ತವನ್ನು ಒಂದೆಡೆ ಕತ್ತರಿಸಿ ಚಾಪೆಯಂತೆ ನೆಲದುದ್ದಕ್ಕೂ ಬಿಡಿಸಿ ಹಾಸಿದರೆ, ತಿರುಗಬೇಕಾದ ಭಾಗವು ನೇರವಾಗಿ ಓಡುತ್ತದೆ. ವೇಗದ ಮ್ಯಾಗ್ಲೆವ್ ರೈಲಿನಲ್ಲಿ ಮಾರ್ಗವೇ ಮೋಟಾರು. ಬಂಡಿಯು ಅದರ ಚಲಿಸುವ ಅಂಗ ಮಾತ್ರ. ಇದರಿಂದ ಹಲವು ಪ್ರಯೋಜನಗಳುಂಟು. ಎಂಜಿನ್ನಿನ ಭಾರವನ್ನು ಬಂಡಿ ಹೊರಬೇಕಾಗಿಲ್ಲ. ಹಿಡಿತ ಜಾರುವ ಭಯವಿಲ್ಲವಾದ್ದರಿಂದ ಜರ್ಮನ್ ಮಾದರಿಯ ಬಂಡಿ 100 ಮೀಟರಿಗೆ 10 ಮೀಟರು ಏರುವ ದಿಣ್ಣೆಯನ್ನೂ ಹತ್ತಬಲ್ಲದು. ಉಜ್ಜಾಟವಿಲ್ಲದೆಡೆ ಸವಕಳಿಯೂ ಇಲ್ಲ. 2015ರ ಏಪ್ರಿಲ್ 21ರಂದು ಜಪಾನಿನ ಯಮನಾಶಿ ಪರೀಕ್ಷಾ ಮಾರ್ಗದಲ್ಲಿ ಇಂಥ ರೈಲು ಗಂಟೆಗೆ 603 ಕಿಲೋಮೀಟರು ವೇಗವನ್ನು ಮುಟ್ಟಿತು. ಯಂತ್ರಶಿಲ್ಪದ ದೃಷ್ಟಿಯಿಂದ ನೋಡಿದರೆ ಪರೀಕ್ಷೆ ಮುಗಿದಿದೆ, ಬಂಡಿ ಉತ್ತೀರ್ಣವಾಗಿದೆ.

ಹಾಗಿದ್ದಮೇಲೆ ಭೂಮಂಡಲದಲ್ಲೆಲ್ಲ ಈ ಬಂಡಿಗಳೇಕೆ ಓಡುತ್ತಿಲ್ಲ? ಪ್ರಯಾಣಿಕರನ್ನು ಹೊತ್ತ ಮೊದಲ ವಾಣಿಜ್ಯ ಮಾರ್ಗ 1984ರಲ್ಲಿಯೇ ಪ್ರಾರಂಭವಾಗಿತ್ತು. ಅಂದಿನಿಂದ ನಾಲ್ಕು ದಶಕಗಳು ಕಳೆದರೂ ಲೋಕದ ಮ್ಯಾಗ್ಲೆವ್ ಮಾರ್ಗಗಳನ್ನು ಬೆರಳುಗಳಲ್ಲಿ ಎಣಿಸಬಹುದು. ಇದಕ್ಕೆ ಉತ್ತರವನ್ನು ಪ್ರಯೋಗಾಲಯದಲ್ಲಿ ಅರಸಿ ಫಲವಿಲ್ಲ. ಅದಿರುವುದು ಹಣಕಾಸಿನ ಪುಸ್ತಕದಲ್ಲಿ.

ಆ ಮೊದಲ ಮಾರ್ಗದ ಕಥೆಯನ್ನೇ ನೋಡಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಮಾನ ನಿಲ್ದಾಣದಿಂದ ಪಕ್ಕದ ರೈಲು ನಿಲ್ದಾಣಕ್ಕೆ ಸುಮಾರು 600 ಮೀಟರು ಉದ್ದದ ಆ ಪುಟ್ಟ ಮಾರ್ಗದಲ್ಲಿ ಬಂಡಿಗಳು ಮೆಲ್ಲಗೆ ತೇಲುತ್ತ ಸಾಗುತ್ತಿದ್ದವು. ಹನ್ನೊಂದು ವರ್ಷಗಳ ಬಳಿಕ, 1995ರಲ್ಲಿ, ಅದು ಮುಚ್ಚಿಹೋಯಿತು. ತೇಲುವ ತತ್ತ್ವದಲ್ಲಿ ದೋಷ ಕಂಡುದರಿಂದ ಹಾಗಾದುದಲ್ಲ. ಅಂಥ ಬಂಡಿ ಬೇರೆಲ್ಲಿಯೂ ಇರಲಿಲ್ಲವಾದ್ದರಿಂದ ಕೆಟ್ಟ ಭಾಗಗಳಿಗೆ ಬದಲಿ ಭಾಗಗಳು ದೊರೆಯುವುದು ದುಸ್ತರವಾಯಿತು. 2003ರಲ್ಲಿ ಅದೇ ದಾರಿಯಲ್ಲಿ ಉಕ್ಕಿನ ಹಗ್ಗದಿಂದ ಎಳೆಯುವ ಬಂಡಿಯನ್ನು ಹೂಡಿದರು. ಒಂಟಿಯಾಗಿ ಹುಟ್ಟಿದ ಯಂತ್ರವು ಎಷ್ಟೇ ಜಾಣತನದ್ದಾಗಿರಲಿ, ಅದನ್ನು ದುರಸ್ತಿ ಮಾಡುವ ಬಳಗವಿಲ್ಲದಿದ್ದರೆ ಅದು ಅನಾಥವೇ ಸರಿ.

ಕೆಂಪರನ ತವರಾದ ಜರ್ಮನಿಯ ಅನುಭವ ಇನ್ನೂ ಕಹಿಯಾದುದು. ಟ್ರಾನ್ಸ್‌ರಾಪಿಡ್ ಎಂಬ ಹೆಸರಿನ ಬಂಡಿಗಾಗಿ ಎಮ್ಸ್‌ಲಾಂಡ್ ಪ್ರದೇಶದಲ್ಲಿ 31.5 ಕಿಲೋಮೀಟರು ಉದ್ದದ ಪರೀಕ್ಷಾ ಮಾರ್ಗವನ್ನು 1980ರ ದಶಕದಲ್ಲಿ ನಿರ್ಮಿಸಿದರು. ಹ್ಯಾಂಬರ್ಗ್‌ನಿಂದ ಬರ್ಲಿನ್‌ಗೆ ಮಾರ್ಗ ಹಾಕುವ ಯೋಜನೆಯನ್ನು 2000ದಲ್ಲಿ ಕೈಬಿಟ್ಟರು. ಮ್ಯೂನಿಕ್ ನಗರದಿಂದ ಅದರ ವಿಮಾನ ನಿಲ್ದಾಣಕ್ಕೆ ಯೋಜಿಸಿದ ಮಾರ್ಗದ ಅಂದಾಜು ವೆಚ್ಚ 185 ಕೋಟಿ ಯೂರೋಗಳಿಂದ 300 ಕೋಟಿಯನ್ನು ಮೀರಿದಾಗ, 2008ರಲ್ಲಿ ಅದನ್ನೂ ರದ್ದುಗೊಳಿಸಿದರು. ಇವೆರಡರ ನಡುವೆ, 2006ರ ಸೆಪ್ಟೆಂಬರ್ 22ರಂದು, ಪರೀಕ್ಷಾ ಮಾರ್ಗದಲ್ಲಿ ನಿಂತಿದ್ದ ದುರಸ್ತಿ ವಾಹನಕ್ಕೆ ರೈಲು ಅಪ್ಪಳಿಸಿ 23 ಜನರು ಪ್ರಾಣ ಕಳೆದುಕೊಂಡರು. ಕಾಂತಗಳು ತಮ್ಮ ಕೆಲಸವನ್ನು ತಪ್ಪದೆ ಮಾಡಿದ್ದವು. ಮಾರ್ಗ ತೆರವಾಗಿದೆಯೇ ಎಂದು ನೋಡಬೇಕಾದ ಮನುಷ್ಯರು ತಪ್ಪಿದ್ದರು. ಯಂತ್ರವು ಎಷ್ಟು ಮುಂದುವರಿದರೂ ಅದರ ಸುರಕ್ಷತೆಯು ಒಬ್ಬ ಸಾಮಾನ್ಯ ನೌಕರನ ಎಚ್ಚರಿಕೆಯನ್ನೂ, ಅವನ ಮರೆವನ್ನು ಮುಂದಾಗಿಯೇ ಊಹಿಸಿದ ವ್ಯವಸ್ಥೆಯನ್ನೂ ಅವಲಂಬಿಸಿರುತ್ತದೆಂಬ ಪಾಠವನ್ನು ಆ 23 ಜೀವಗಳು ಕಲಿಸಿ ಹೋದವು.

ಜರ್ಮನಿಯು ಕಟ್ಟಲಾರದೆ ಹೋದುದನ್ನು ಚೀನಾ ಕಟ್ಟಿತು. ಷಾಂಘೈ ನಗರದ ಲಾಂಗ್‌ಯಾಂಗ್ ರಸ್ತೆಯಿಂದ ಪುಡಾಂಗ್ ವಿಮಾನ ನಿಲ್ದಾಣದವರೆಗೆ ಸುಮಾರು 30 ಕಿಲೋಮೀಟರಿನ ಟ್ರಾನ್ಸ್‌ರಾಪಿಡ್ ಮಾರ್ಗವು 2002ರ ಡಿಸೆಂಬರ್ 31ರಂದು ಉದ್ಘಾಟನೆಗೊಂಡಿತು. ಗಂಟೆಗೆ 431 ಕಿಲೋಮೀಟರು ವೇಗದಲ್ಲಿ ಓಡಿ ಆ ದೂರವನ್ನು ಅದು 7 ನಿಮಿಷ 20 ಸೆಕೆಂಡುಗಳಲ್ಲಿ ಕ್ರಮಿಸುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದರ ಗರಿಷ್ಠ ವೇಗವನ್ನು 300 ಕಿಲೋಮೀಟರಿಗೆ ತಗ್ಗಿಸಿದ್ದಾರೆ. ಇದರಿಂದ ಪ್ರಯಾಣಿಕನಿಗಾದ ನಷ್ಟವೆಷ್ಟು? ಒಂದು ನಿಮಿಷಕ್ಕೂ ಕಡಿಮೆ! ಕಿರಿದಾದ ದಾರಿಯಲ್ಲಿ ಬಂಡಿಯು ವೇಗವನ್ನು ಗಳಿಸಿಕೊಳ್ಳುವಷ್ಟರಲ್ಲಿಯೇ ಅದನ್ನು ಕಳೆದುಕೊಳ್ಳಲು ಪ್ರಾರಂಭಿಸಬೇಕು. ಅಲ್ಲದೆ ಲಾಂಗ್‌ಯಾಂಗ್ ರಸ್ತೆಯು ನಗರದ ಹೃದಯಭಾಗವಲ್ಲ. ಪ್ರಯಾಣಿಕನು ಅಲ್ಲಿ ಇಳಿದು, ಗಂಟುಮೂಟೆಗಳನ್ನು ಹೊತ್ತು, ಮೆಟ್ರೋ ರೈಲಿಗಾಗಿ ಕಾಯಬೇಕು. ತೇಲುವ ಬಂಡಿ ಉಳಿಸಿಕೊಟ್ಟ ನಿಮಿಷಗಳನ್ನು ಮೆಟ್ಟಿಲುಗಳು ನುಂಗಿಬಿಡುತ್ತವೆ. ಮನುಷ್ಯನು ನಿಲ್ದಾಣದಿಂದ ನಿಲ್ದಾಣಕ್ಕೆ ಪ್ರಯಾಣ ಮಾಡುವುದಿಲ್ಲ. ಮನೆಯ ಬಾಗಿಲಿನಿಂದ ಹೊರಟು ತಾನು ಸೇರಬೇಕಾದ ಬಾಗಿಲನ್ನು ತಲಪುತ್ತಾನೆ. ಬಂಡಿಯ ವೇಗವನ್ನು ಅಳೆಯಬೇಕಾದುದು ಈ ಎರಡು ಬಾಗಿಲುಗಳ ನಡುವೆ.

ಚೀನಾ ದೇಶವೇ ಈ ಪಾಠವನ್ನು ಬೇಗ ಗ್ರಹಿಸಿತು. ಬೀಜಿಂಗ್ ಮತ್ತು ಷಾಂಘೈಗಳ ನಡುವಣ ದೊಡ್ಡ ಮಾರ್ಗಕ್ಕೆ ಮ್ಯಾಗ್ಲೆವ್ ಬೇಕೆ, ಗಾಲಿ ಬೇಕೆ ಎಂದು ಅಲ್ಲಿನ ತಜ್ಞರು ವರ್ಷಗಟ್ಟಲೆ ಚರ್ಚಿಸಿದರು. ಕೊನೆಗೆ ಗೆದ್ದುದು ಗಾಲಿ; 1,318 ಕಿಲೋಮೀಟರಿನ ಆ ಮಾರ್ಗ 2011ರಲ್ಲಿ ತೆರೆಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗಾಲಿಯ ರೈಲಿನಲ್ಲಿ ಮೋಟಾರು ಬಂಡಿಯಲ್ಲಿರುತ್ತದೆ. ದಿನಕ್ಕೆ ಹತ್ತು ಬಂಡಿಗಳು ಓಡುವುದಾದರೆ ಅಷ್ಟಕ್ಕೆ ಬೇಕಾದ ಮೋಟಾರುಗಳನ್ನು ಕೊಂಡರೆ ಸಾಕು. ಮ್ಯಾಗ್ಲೆವ್ ರೈಲಿನಲ್ಲಾದರೋ ಒಂದೇ ಬಂಡಿ ಓಡುವುದಿದ್ದರೂ ಮಾರ್ಗದ ಉದ್ದಕ್ಕೂ ಮೋಟಾರನ್ನು ಹಾಸಲೇಬೇಕು. ಯಂತ್ರಶಿಲ್ಪದಲ್ಲಿ ಯಾವುದು ಅದರ ಹಿರಿಮೆಯೋ ವ್ಯಾಪಾರದಲ್ಲಿ ಅದೇ ಅದರ ಹೊರೆ. ಮತ್ತೊಂದು ಮಾತು. ಗಾಲಿಯ ವೇಗದ ರೈಲು ಹೊಸ ಹಳಿ ಮುಗಿದಲ್ಲಿ ಅದೇ ಅಳತೆಯ ಹಳೆಯ ಹಳಿಗೆ ಇಳಿದು ಊರಿನ ನಡುವಿನ ನಿಲ್ದಾಣಕ್ಕೆ ಹೋಗಬಹುದು. ಮ್ಯಾಗ್ಲೆವ್ ರೈಲು ತನ್ನ ಮಾರ್ಗದಿಂದಾಚೆಗೆ ಒಂದಡಿಯೂ ಇಡಲಾರದು. ಇತ್ತ ಗಾಲಿಯೂ ಸುಮ್ಮನೆ ಕುಳಿತಿರಲಿಲ್ಲ. 2007ರ ಏಪ್ರಿಲ್ 3ರಂದು ಫ್ರಾನ್ಸಿನಲ್ಲಿ ವಿಶೇಷವಾಗಿ ಸಜ್ಜುಗೊಳಿಸಿದ ಗಾಲಿಯ ರೈಲೊಂದು ಗಂಟೆಗೆ 574.8 ಕಿಲೋಮೀಟರು ವೇಗದಲ್ಲಿ ಓಡಿತು. ಎರಡಕ್ಕೂ ಸಮಾನ ಶತ್ರು ಗಾಳಿ. ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುತ್ತದೆ. ಘರ್ಷಣೆಯನ್ನು ಗೆದ್ದ ಬಂಡಿಯೂ ಈ ಕಂದಾಯವನ್ನು ಕಟ್ಟಲೇಬೇಕು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹೊಸತೆಲ್ಲವೂ ಪ್ರಾರಂಭದಲ್ಲಿ ದುಬಾರಿಯಾಗಿಯೇ ಕಾಣುವುದಲ್ಲವೇ? 1964ರ ಅಕ್ಟೋಬರ್ 1ರಂದು ಟೋಕಿಯೋ ಮತ್ತು ಒಸಾಕಾಗಳ ನಡುವೆ ಷಿಂಕಾನ್‌ಸೆನ್ ಎಂಬ ಗಾಲಿಯ ವೇಗದ ರೈಲು ಪ್ರಾರಂಭವಾದಾಗಲೂ ಹೀಗೆಯೇ ಆಗಿತ್ತು. ಅದರ ವೆಚ್ಚ ಅಂದಾಜಿನ ಸುಮಾರು ಎರಡರಷ್ಟಾಯಿತು. ಅದಕ್ಕೆ ಹೊಣೆ ಹೊತ್ತು, ಅದನ್ನು ಕಟ್ಟಿಸಿದ ರೈಲ್ವೆಯ ಅಧ್ಯಕ್ಷ ಸೋಗೋ ಷಿಂಜಿ ಮತ್ತು ಮುಖ್ಯ ಯಂತ್ರಶಿಲ್ಪಿ ಷಿಮಾ ಹಿದೆಯೊ ಉದ್ಘಾಟನೆಗೆ ಮುನ್ನವೇ ಅಧಿಕಾರದಿಂದ ನಿರ್ಗಮಿಸಿದರು. ಹಳೆಯ ಕಿರುಹಳಿಗಳ ಮೇಲೆ ಆ ರೈಲೂ ಓಡಲಾರದಾಗಿತ್ತು. ಆದರೂ ಅದು ಗೆದ್ದಿತು; ಲೋಕಕ್ಕೆಲ್ಲ ಮಾದರಿಯಾಯಿತು. ಮ್ಯಾಗ್ಲೆವ್ ರೈಲನ್ನು ಸಂಶಯಿಸುವವರು ಅಂದು ಷಿಂಕಾನ್‌ಸೆನ್ನನ್ನು ಸಂಶಯಿಸಿದವರ ಸಂತತಿಯೇ ಏಕಾಗಿರಬಾರದು?

ಆಕ್ಷೇಪ ಬಲವಾದುದೇ. ಆದರೆ ಷಿಂಕಾನ್‌ಸೆನ್ ಗೆದ್ದುದು ಹೊಸದಾಗಿದ್ದುದರಿಂದಲ್ಲ. ಆ ದಾರಿಯಲ್ಲಿ ಜಪಾನಿನ ಅತಿ ದೊಡ್ಡ ನಗರಗಳು ಮಣಿಗಳಂತೆ ಪೋಣಿಸಿಕೊಂಡಿದ್ದವು. ಹಳೆಯ ರೈಲುಮಾರ್ಗವು ಜನರಿಂದ ತುಂಬಿ ತುಳುಕುತ್ತಿತ್ತು. ಅಗತ್ಯವು ಮೊದಲು ಬಂದಿತ್ತು, ಯಂತ್ರವು ಅದನ್ನು ಹಿಂಬಾಲಿಸಿ ಬಂದಿತು. ಷಿಮಾ ಹಿದೆಯೊ ಪರೀಕ್ಷಿತವಾದ ಅಂಗಗಳನ್ನೇ ಆಯ್ದು ಒಂದುಗೂಡಿಸಿದುದು ಅದರ ಇನ್ನೊಂದು ಬಲ. ಅನೇಕ ಮ್ಯಾಗ್ಲೆವ್ ಯೋಜನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಯಂತ್ರ ಸಿದ್ಧವಾಗಿದೆ, ಅದಕ್ಕೊಂದು ದಾರಿಯನ್ನು ಹುಡುಕಿ ಎಂಬಂತಾಗಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಉತ್ಸಾಹ ಇದು.

ಈ ಅಳತೆಗೋಲಿನಿಂದ ನೋಡಿದರೆ ಜಪಾನಿನ ಚುವೊ ಷಿಂಕಾನ್‌ಸೆನ್ ಯೋಜನೆಯೊಂದೇ ಗಂಭೀರವಾದ ಪರಿಗಣನೆಗೆ ಅರ್ಹವಾಗಿದೆ. 1964ರ ಮಾರ್ಗವು ಇಂದು ತಾನೇ ಹಳತಾಗಿದೆ, ತಾನೇ ತುಂಬಿದೆ. ಭೂಕಂಪದ ನಾಡಿನಲ್ಲಿ ಎರಡು ಮಹಾನಗರಗಳು ಒಂದೇ ಮಾರ್ಗವನ್ನು ನಂಬಿ ಕೂರುವುದೂ ಅಪಾಯಕರ. ಟೋಕಿಯೋದಿಂದ ನಗೋಯಾಕ್ಕೆ 286 ಕಿಲೋಮೀಟರಿನ ದೂರವನ್ನು ಹೊಸ ರೈಲು 40 ನಿಮಿಷಗಳಲ್ಲಿ ಕ್ರಮಿಸಬೇಕೆಂಬುದು ಉದ್ದೇಶ. ಈಗಿನ ರೈಲಿಗೆ ಸುಮಾರು ಒಂದೂವರೆ ಗಂಟೆ ಬೇಕು. ಕೆಲಸವು 2014ರಲ್ಲಿ ಪ್ರಾರಂಭವಾಯಿತು. ಅಗತ್ಯವೂ ಇದೆ, ದೂರವೂ ಇದೆ, ಜನರೂ ಇದ್ದಾರೆ. ಹಾಗಿದ್ದರೂ ಹಾದಿ ಸುಗಮವಾಗಿಲ್ಲ. ನಗೋಯಾದವರೆಗಿನ ಮಾರ್ಗಕ್ಕೆ ಮೊದಲು ಸುಮಾರು 5.5 ಲಕ್ಷ ಕೋಟಿ ಯೆನ್ ಎಂದಿದ್ದ ಅಂದಾಜು 2021ರಲ್ಲಿ 7 ಲಕ್ಷ ಕೋಟಿಗೂ, 2025ರಲ್ಲಿ 11 ಲಕ್ಷ ಕೋಟಿಗೂ ಏರಿತು. 2027ರಲ್ಲಿ ರೈಲು ಓಡಿಸುವ ಗುರಿಯನ್ನು 2024ರಲ್ಲಿ ಕೈಬಿಡಲಾಯಿತು.

ಹಣಕ್ಕಿಂತಲೂ ಸೂಕ್ಷ್ಮವಾದ ಲೆಕ್ಕವೊಂದು ಅಲ್ಲಿನ ಪರ್ವತಗಳ ಒಡಲಿನಲ್ಲಿದೆ. ವೇಗದ ಬಂಡಿಗೆ ನೇರವಾದ ದಾರಿ ಬೇಕು. ಜಪಾನಿನಂಥ ಬೆಟ್ಟಗಳ ನಾಡಿನಲ್ಲಿ ನೇರವಾದ ದಾರಿಯೆಂದರೆ ಸುರಂಗ. ನಗೋಯಾದವರೆಗಿನ ಮಾರ್ಗದಲ್ಲಿ ನೂರಕ್ಕೆ 86 ಭಾಗ ಸುರಂಗವೇ. ಷಿಜುವೋಕಾ ಪ್ರಾಂತದ ಮೂಲಕ ಹಾದುಹೋಗುವ ಸುರಂಗದಿಂದ ಓಯಿ ನದಿಯ ನೀರು ಸೋರಿಹೋದೀತೆಂದು ಆ ನೀರನ್ನೇ ನಂಬಿದ ಜನರು ಆತಂಕಗೊಂಡರು. ಕುಡಿಯುವುದಕ್ಕೂ ಚಹಾ ತೋಟಗಳಿಗೂ ಅವರಿಗೆ ಅದೇ ಆಸರೆ. ಅವರ ಪ್ರಾಂತದಲ್ಲಿ ಈ ರೈಲು ನಿಲ್ಲುವುದಿಲ್ಲ. ಒಂದು ನಿಲ್ದಾಣವೂ ಅಲ್ಲಿ ಇಲ್ಲ. ಲಾಭ ಒಬ್ಬರಿಗೆ, ಭಯ ಮತ್ತೊಬ್ಬರಿಗೆ. ಅಲ್ಲಿನ ಗವರ್ನರು ವರ್ಷಗಟ್ಟಲೆ ಕೆಲಸಕ್ಕೆ ಒಪ್ಪಿಗೆ ನೀಡದಿದ್ದುದನ್ನು ಹಟಮಾರಿತನವೆಂದು ಅನೇಕರು ಹಳಿದರು. ಆದರೆ 2024ರಲ್ಲಿ ಗಿಫು ಪ್ರಾಂತದ ಮಿಜುನಾಮಿಯಲ್ಲಿ ಸುರಂಗದ ಕೆಲಸ ನಡೆಯುತ್ತಿದ್ದ ಎಡೆಯ ಸಮೀಪ ಬಾವಿಗಳ ನೀರು ಇಳಿದುಹೋಗಿ ಅಗೆತವನ್ನು ನಿಲ್ಲಿಸಬೇಕಾಯಿತು. ನೀರಿನ ಬಗೆಗಿನ ಭಯವು ಬರಿಯ ಕಲ್ಪನೆಯಲ್ಲವೆಂದು ಆಗ ಗೊತ್ತಾಯಿತು.

ಹಾಗೆಂದು ಮ್ಯಾಗ್ಲೆವ್ ರೈಲು ವ್ಯರ್ಥ ಸಾಹಸವೆಂದು ತೀರ್ಮಾನಿಸುವುದು ಅನ್ಯಾಯವಾದೀತು. ವೇಗದ ಹಂಬಲವನ್ನು ಬದಿಗಿಟ್ಟು ನಗರದೊಳಗೆ ನಿಧಾನವಾಗಿ ಓಡುವ ತೇಲುಬಂಡಿಗಳು ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿವೆ. ನಗೋಯಾ ಸಮೀಪದ ಲಿನಿಮೊ ಎಂಬ 8.9 ಕಿಲೋಮೀಟರಿನ ಮಾರ್ಗವು 2005ರಿಂದಲೂ, ಚೀನಾದ ಚಾಂಗ್‌ಷಾ ನಗರದ ಸುಮಾರು 18.5 ಕಿಲೋಮೀಟರಿನ ಮಾರ್ಗವು 2016ರಿಂದಲೂ ನಡೆದುಬಂದಿವೆ. ಮನೆಗಳ ಸಾಲಿನ ನಡುವೆ ಗದ್ದಲವಿಲ್ಲದೆ ಏರುತಗ್ಗುಗಳಲ್ಲಿ ಸಾಗುವುದಕ್ಕೆ ಈ ಗುಣ ಅನುಕೂಲವೇ. ಚಾಪೆಯಂತೆ ಬಿಡಿಸಿದ ಮೋಟಾರಾದರೋ ತೇಲುವ ಬಂಡಿಯನ್ನು ಬಿಟ್ಟು ಗಾಲಿಯ ಬಂಡಿಗೂ ಸೇವೆ ಸಲ್ಲಿಸುತ್ತಿದೆ; ಕೆನಡದ ವ್ಯಾಂಕೂವರ್ ನಗರದ ರೈಲು 1980ರ ದಶಕದಿಂದ ಅದರ ಬಲದಿಂದ ಓಡುತ್ತಿದೆ. ಇಡೀ ಯಂತ್ರಕ್ಕೆ ಕೊಳ್ಳುವವರು ದೊರೆಯದಿದ್ದರೂ ಅದರ ಅಂಗಗಳಿಗೆ ಮಾರುಕಟ್ಟೆ ದೊರೆಯಬಹುದೆಂಬುದಕ್ಕೆ ಇದು ಸಾಕ್ಷಿ. ಜಪಾನಿನ ಸಹಕಾರದಿಂದ ಮುಂಬಯಿ ಮತ್ತು ಅಹಮದಾಬಾದ್‌ಗಳ ನಡುವೆ 508 ಕಿಲೋಮೀಟರಿನ ವೇಗದ ಮಾರ್ಗಕ್ಕೆ 2017ರಲ್ಲಿ ಶಂಕುಸ್ಥಾಪನೆ ಮಾಡಿದ ಭಾರತವು ತೇಲುವ ಬಂಡಿಯನ್ನು ಬಯಸದೆ ಪರೀಕ್ಷಿತವಾದ ಗಾಲಿಯ ಷಿಂಕಾನ್‌ಸೆನ್ನನ್ನೇ ಆರಿಸಿದುದು ವಿವೇಕದ ನಡೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ರಾಷ್ಟ್ರಗಳಿಗೂ ಅನ್ವಯಿಸುತ್ತದೆ.

ಆದಕಾರಣ ತೇಲುವ ಬಂಡಿಯ ಯೋಜನೆಯೊಂದು ಎದುರಿಗೆ ಬಂದಾಗ ‘ಇದು ಎಷ್ಟು ವೇಗವಾಗಿ ಓಡುತ್ತದೆ?’ ಎಂಬುದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಈ ದಾರಿಯಲ್ಲಿ ನಿತ್ಯ ಸಂಚರಿಸುವ ಜನರು ಎಷ್ಟು, ಈಗಿರುವ ಮಾರ್ಗ ಅವರಿಗೆ ಸಾಲದಾಗಿದೆಯೇ ಎಂಬುದನ್ನು ಮೊದಲು ಕೇಳಬೇಕು. ಇದರ ಹೊರೆಯನ್ನು ಹೊರುವವರು ಯಾರು, ಅವರನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದನ್ನು ಆಮೇಲೆ ಕೇಳಬೇಕು. ಈ ಎರಡು ಪ್ರಶ್ನೆಗಳಿಗೂ ಸಮಾಧಾನಕರವಾದ ಉತ್ತರವಿರುವ ಸ್ಥಳಗಳು ಲೋಕದಲ್ಲಿ ಕೆಲವೇ ಇದ್ದಾವು. ಅಂಥ ಎಡೆಯಲ್ಲಿ ಈ ಬಂಡಿಯನ್ನು ಕಟ್ಟುವುದಕ್ಕೆ ಹಿಂಜರಿಯಬೇಕಾಗಿಲ್ಲ. ಉಳಿದೆಡೆ ಅದು ಪ್ರತಿಷ್ಠೆಯ ಆಭರಣವಾಗಿ, ಕಾಲಕ್ರಮದಲ್ಲಿ ಬಿಡಿಭಾಗವಿಲ್ಲದೆ ಮೂಲೆ ಸೇರೀತು.

ಅಯಸ್ಕಾಂತವನ್ನು ತೇಲಿಸಲು ಹವಣಿಸಿದ ಬಾಲಕನ ಕುತೂಹಲವು ಬಾಡದಿರಲಿ. ಕೆಂಪರ್, ಪೊವೆಲ್ ಮೊದಲಾದವರು ಅಂಥ ಕುತೂಹಲದ ಫಲವಾಗಿಯೇ ಅಸಾಧ್ಯವನ್ನು ಸಾಧ್ಯವಾಗಿಸಿದರು. ಆದರೆ ಅವನು ಬೆಳೆದು ಯಂತ್ರಶಿಲ್ಪಿಯಾದಾಗ, ಸುರಂಗದ ನಕ್ಷೆಯನ್ನು ಬಿಡಿಸುವ ಮೊದಲು, ಆ ಬೆಟ್ಟದ ತಪ್ಪಲಿನ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆಯೆಂಬುದನ್ನೂ ಅಳೆದು ಬರೆದುಕೊಳ್ಳುವನೆಂದು ಆಶಿಸಬೇಕು.